ಕೊರ್ಲಹಳ್ಳಿಯಿಂದ ಯೂರೋಪಿಗೆ

ಗದಗಿನಿಂದ ಮುಂಡರಗಿಗೆ ಬಂದು ಅಲ್ಲಿಂದ ಹೂವಿನ ಹಡಗಲಿಯ ದಾರಿ ಹಿಡಿದವರಿಗೆ ತುಂಗಭದ್ರೆಯ ಎಡದಂಡೆಯ ಮೇಲೆ ಕೊರ್ಲಹಳ್ಳಿ ಎಂಬ ಊರು ಸಿಗುತ್ತದೆ. ಹಿಂದೆ ಕಪ್ಪತಗುಡ್ಡದ ನೀಲಿ ಸಾಲು, ಮುಂದೆ ಹೊಳೆ, ನಡುವೆ ಎರೆಯ ಹೊಲಗಳು. ಊರಿನ ಬಳಿ ಹೊಳೆಗೊಂದು ಉದ್ದನೆಯ ಸೇತುವೆ. ಅದನ್ನು ದಾಟಿದರೆ ಮದಲಗಟ್ಟಿ. ಅಲ್ಲಿಯ ಆಂಜನೇಯನ ದರ್ಶನಕ್ಕೆ ಈ ದಂಡೆಯವರು ಆ ದಂಡೆಗೆ ಹೋಗುತ್ತಾರೆ. ಸಂತೆ, ಮದುವೆ, ಬೀಗತನಗಳಿಗೆ ಆ ದಂಡೆಯವರು ಈ ದಂಡೆಗೆ ಬರುತ್ತಾರೆ. ಇಂಥ ಊರಿಗೂ ಯೂರೋಪು ಖಂಡದ ಪ್ರವಾಸಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಯೂರೋಪಿನ ಪ್ರವಾಸವನ್ನು ಹೇಗೆ ಹೂಡಬೇಕೆಂಬುದನ್ನು ನಾನು ಕಲಿತದ್ದು ಯೂರೋಪಿನಲ್ಲಲ್ಲ, ಈ ಹೊಳೆಯ ಮರಳಿನ ಮೇಲೆ.

ನನ್ನ ಅಕ್ಕನನ್ನು ಕೊಟ್ಟದ್ದು ಈ ಸೀಮೆಗೆ. ಭಾವನವರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಲದ ಪಾಠ ಹೇಳಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. 2025ರ ಸಂಕ್ರಮಣದಂದು ನಾನು ಬೆಂಗಳೂರಿನಿಂದ ಅವರಲ್ಲಿಗೆ ಹೋಗಿದ್ದೆ. ಆ ದಿನ ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚುವುದು ಈ ಕಡೆಯ ಪದ್ಧತಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಮೊಸರುಗಳ ಊಟ ಮುಗಿದ ಮೇಲೆ ಮಾತು ಹೇಗೋ ಹೊರಳಿ, 2018ರಲ್ಲಿ ನಾನೂ ನನ್ನ ಹೆಂಡತಿಯೂ ಮಾಡಿದ ಯೂರೋಪು ಪ್ರವಾಸಕ್ಕೆ ಬಂದಿತು.

“ಏಳು ದೇಶ ತಿರುಗಿದೆ ಅಂತೀಯಲ್ಲೋ ತಮ್ಮಾ, ಏನೇನ್ ನೋಡಿದಿ ಹೇಳು,” ಎಂದಳು ಅಕ್ಕ.

ನಾನು ಬಾಯಿ ತೆರೆದೆ. ಹೇಳುವುದಕ್ಕೆ ಏನೂ ತೋರಲಿಲ್ಲ.

ಹತ್ತು ದಿನಗಳಲ್ಲಿ ಏಳು ದೇಶಗಳನ್ನು ತೋರಿಸುವ ಏರ್ಪಾಟೊಂದಕ್ಕೆ ನಾವು ಹಣ ಕಟ್ಟಿದ್ದೆವು. ಬೆಳಗ್ಗೆ ಆರಕ್ಕೆ ಎದ್ದು, ಏಳಕ್ಕೆ ಪೆಟ್ಟಿಗೆ ಕೆಳಗಿಳಿಸಿ, ಎಂಟಕ್ಕೆ ಬಸ್ಸು ಏರುವುದು; ಇಳಿದು ಇಪ್ಪತ್ತು ನಿಮಿಷ ಫೋಟೋ ತೆಗೆದು ಮತ್ತೆ ಏರುವುದು; ರಾತ್ರಿ ಊರಿನಿಂದ ಬಹುದೂರದ ಹೆದ್ದಾರಿಯ ಮಗ್ಗುಲಿನ ಹೋಟೆಲಿನಲ್ಲಿ ಮಲಗುವುದು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಮುಂದೆ ನಮ್ಮನ್ನು ಇಳಿಸಿದ್ದು ಮಂಗಳವಾರ. ಲೂವ್ರ್ ಮುಚ್ಚಿರುವ ವಾರವೇ ಮಂಗಳವಾರ! ಅಂಗಳದ ಗಾಜಿನ ಪಿರಮಿಡ್ಡಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದೆವು. ನನ್ನ ಹೆಂಡತಿಗೆ ನಾಲ್ಕನೆಯ ದಿನವೇ ಕಾಲು ಬಾತು, ಉಳಿದ ಆರು ದಿನ ಆಕೆ ನೋಡಿದ್ದು ಬಸ್ಸಿನ ಕಿಟಕಿಯನ್ನು. ಎಷ್ಟೋ ವರ್ಷಗಳ ಉಳಿತಾಯ ಹೀಗೆ ಹತ್ತು ದಿನಗಳಲ್ಲಿ ಕರಗಿತು. ಇದರಲ್ಲಿ ಪರರ ತಪ್ಪು ಕಡಿಮೆ; ಕರಪತ್ರದಲ್ಲಿ ದೇಶಗಳ ಸಂಖ್ಯೆಯನ್ನು ಎಣಿಸಿ ಹಣ ಕಟ್ಟಿದವನು ನಾನು.

ಅಕ್ಕನಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಆಕೆ ನಗಲಿಲ್ಲ. “ನಿಮ್ಮ ಭಾವನಿಗೆ ಯೂರೋಪು ತೋರಿಸಬೇಕಂತ ನನ್ನ ಮನಸ್ಸಿನ್ಯಾಗ ಭಾಳ ದಿನದಿಂದ ಐತಿ. ನೀ ಕೆಟ್ಟು ಬಂದೀ ಅಂದಮ್ಯಾಲ ಕೆಡದಂಗ ಹೋಗೂದು ಹ್ಯಾಂಗ ಅನ್ನೂದು ನಿನಗ ಗೊತ್ತಿರಬೇಕು. ಹೇಳು,” ಎಂದಳು.

ಭಾವನವರು ಕೂಡಲೇ ತಲೆಯಲ್ಲಾಡಿಸಿದರು. ಅವರ ಆಕ್ಷೇಪಣೆಗಳು ಮೂರು. ನಿವೃತ್ತಿಯಲ್ಲಿ ಬಂದ ಹಣದಲ್ಲಿ ಉಳಿದಿರುವುದು ಇಷ್ಟೇ. ಅದು ಮುದಿತನದ ಆಸರೆ. ಸಕ್ಕರೆ ರೋಗಕ್ಕೂ ರಕ್ತದೊತ್ತಡಕ್ಕೂ ದಿನವೂ ಗುಳಿಗೆ ನುಂಗುವವರು ಅಷ್ಟು ದೂರ ಹೋಗಿ ಬಿದ್ದರೆ ಗತಿಯೇನು? ಮೂರನೆಯದನ್ನು ಅವರು ಮೆಲ್ಲಗೆ ಹೇಳಿದರು: “ಮೂವತ್ತು ವರ್ಷ ನಕಾಶದಾಗ ನೋಡೀನಿ. ಇಷ್ಟು ಸಾಕು.”

ಹಾಗೆ ಹೇಳುತ್ತಲೇ, ಕೈಯಲ್ಲಿದ್ದ ಕಡ್ಡಿಯಿಂದ ಒದ್ದೆ ಮರಳಿನ ಮೇಲೆ ಅವರು ಯೂರೋಪಿನ ನಕ್ಷೆಯನ್ನು ಬರೆಯತೊಡಗಿದರು. ಇಟಲಿಯ ಬೂಟು, ಸ್ಪೇನಿನ ಚೌಕ, ಸ್ಕ್ಯಾಂಡಿನೇವಿಯದ ಇಳಿಬಿದ್ದ ಬೆರಳುಗಳು. ಆಲ್ಪ್ಸ್ ಪರ್ವತಗಳು, ಅಲ್ಲಿಂದ ಉತ್ತರಕ್ಕೆ ಇಳಿಯುವ ರೈನ್ ನದಿ. ಪುಸ್ತಕವಿಲ್ಲ, ಅಟ್ಲಾಸಿಲ್ಲ, ಕೈ ತಾನಾಗಿ ಓಡುತ್ತಿತ್ತು. ಸಾಕು ಎಂದವರ ಕೈ ಹಾಗೆ ಓಡುವುದಿಲ್ಲ. ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ಆ ಸಂಜೆ ಆ ನಕ್ಷೆಯ ಮುಂದೆ ಕುಳಿತು ನಾವು ಮೂವರೂ ಆಡಿದ ಮಾತುಗಳೂ, ಆಮೇಲೆ ಎಂಟು ತಿಂಗಳು ನಡೆದ ಸಿದ್ಧತೆಯೂ ಯೂರೋಪಿಗೆ ಹೊರಡಬೇಕೆಂದಿರುವ ಇತರ ಕುಟುಂಬಗಳಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಯಕೆ, ಆಮೇಲೆ ದೇಶ

“ಯಾವ ಯಾವ ದೇಶ?” ಎಂಬುದು ಮೊದಲನೆಯ ಪ್ರಶ್ನೆಯಲ್ಲ. “ಊರಿಗೆ ಮರಳಿದ ಮೇಲೆ ಯಾವುದನ್ನು ನೆನೆಯಬೇಕು?” ಎಂಬುದು ಮೊದಲನೆಯ ಪ್ರಶ್ನೆ. ಮನೆಯ ಪ್ರತಿಯೊಬ್ಬರೂ ಎರಡೆರಡೇ ಬಯಕೆಗಳನ್ನು ಹೇಳಬೇಕು. ಅಕ್ಕ ಹೇಳಿದಳು: ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲಿರುವ ಬಸವಣ್ಣನವರ ಪ್ರತಿಮೆ; ಇನ್ನೊಂದು, ಯಾವುದಾದರೊಂದು ಪರದೇಶದ ಹೊಳೆಯ ಕಟ್ಟೆಯ ಮೇಲೆ ಅವಸರವಿಲ್ಲದೆ ಒಂದು ಸಂಜೆ. ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲಿರುವ ಆ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತು. ನಮ್ಮ ಕಡೆಯಿಂದ ಲಂಡನ್ನಿಗೆ ಹೋಗುವ ಮನೆತನಗಳಿಗೆ ಈಗ ಅದೊಂದು ಯಾತ್ರಾಸ್ಥಳವೇ ಆಗಿದೆ.

ಭಾವನವರು ಬಹಳ ಹೊತ್ತು ಸುಮ್ಮನಿದ್ದು, “ಐಫೆಲ್ ಗೋಪುರದ ಬುಡ,” ಎಂದರು. 1889ರಲ್ಲಿ ಕಟ್ಟಿದ, ಈಗ 330 ಮೀಟರು ಎತ್ತರವಿರುವ ಆ ಗೋಪುರದ ತುದಿಯಲ್ಲ, ಬುಡ. ಕೆಳಗೆ ನಿಂತು ಕಬ್ಬಿಣದ ಕಟ್ಟೋಣವನ್ನು ನೋಡಬೇಕೆಂದು. ಅವರ ಎರಡನೆಯ ಬಯಕೆ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಮರಾವತಿಯ ಶಿಲ್ಪಗಳು. ಇದರ ಕಾರಣವನ್ನು ಕಡೆಯಲ್ಲಿ ಹೇಳುತ್ತೇನೆ.

ನಾಲ್ಕು ಬಯಕೆಗಳೂ ಎರಡೇ ಊರುಗಳಲ್ಲಿ ಸೇರಿಕೊಂಡವು. ಹನ್ನೆರಡು ದಿನಗಳಿಗೆ ಎರಡು ಊರು: ಲಂಡನ್ನಿನಲ್ಲಿ ಆರು ರಾತ್ರಿ, ಪ್ಯಾರಿಸ್ಸಿನಲ್ಲಿ ಐದು ರಾತ್ರಿ. ಸ್ವಿಟ್ಸರ್ಲೆಂಡಿನ ಹಿಮವಿಲ್ಲ, ರೋಮಿಲ್ಲ, ವೆನಿಸ್ಸಿಲ್ಲ. ಬಿಟ್ಟದ್ದನ್ನು ಬಿಟ್ಟೆವೆಂದು ಮೊದಲೇ ಮನಸ್ಸಿಗೆ ಹೇಳಿಕೊಳ್ಳುವುದು ಪ್ರವಾಸದ ಅರ್ಧ ಸುಖ. ಒಂದು ಊರಿನಲ್ಲಿ ನಾಲ್ಕು ರಾತ್ರಿಗಿಂತ ಕಡಿಮೆ ತಂಗಿದರೆ ನೋಡಿದ್ದಕ್ಕಿಂತ ಪೆಟ್ಟಿಗೆ ಕಟ್ಟಿದ್ದೇ ಹೆಚ್ಚಾಗುತ್ತದೆ. ಊರು ಬದಲಿಸುವ ದಿನವನ್ನು ನೋಡುವ ದಿನವೆಂದು ಎಣಿಸಬಾರದು.

ಇನ್ನೊಂದು ಉಳಿತಾಯವುಂಟು. ಬೆಂಗಳೂರಿನಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ನೇರ ವಿಮಾನಗಳಿವೆ. ಆದಕಾರಣ ಹೋಗುವಾಗ ಲಂಡನ್ನಿನಲ್ಲಿ ಇಳಿದು, ಬರುವಾಗ ಪ್ಯಾರಿಸ್ಸಿನಲ್ಲಿ ಏರಬಹುದು. ಹೊರಟ ಊರಿಗೇ ತಿರುಗಿ ಬರುವ ಒಂದು ದಿನವೂ ಆ ಹಾದಿಯ ಖರ್ಚೂ ಉಳಿಯುತ್ತವೆ. ನಡುವಿನ ಪಯಣಕ್ಕೆ, ಕಡಲಿನ ಕೆಳಗಿನ ಸುರಂಗದಲ್ಲಿ 1994ರಿಂದ ಓಡುತ್ತಿರುವ ರೈಲುಂಟು. ಎರಡೂಕಾಲು, ಎರಡೂವರೆ ಗಂಟೆಯ ಹಾದಿ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟ ಕಾಲದಲ್ಲಿ ಇಂಗ್ಲೆಂಡು ಕಾಣಬೇಕಾದರೆ ವಾರಗಟ್ಟಲೆ ಹಡಗಿನಲ್ಲಿರಬೇಕಾಗಿತ್ತು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಈ ಎರಡನ್ನೂ ಭಾವನವರು ಹೊರಡುವ ಮುನ್ನ ಮತ್ತೊಮ್ಮೆ ಓದಿದರು. ಮಾರ್ಗದರ್ಶಿ ಪುಸ್ತಕಗಳು ದಾರಿ ತೋರಿಸುತ್ತವೆ. ಇಂಥವು ನೋಡುವ ಕಣ್ಣು ಕೊಡುತ್ತವೆ.

ಕಾಲ ಯಾವುದು?

ಮೇ ಮತ್ತು ಜೂನ್ ತಿಂಗಳುಗಳು, ಇಲ್ಲವೆ ಸೆಪ್ಟೆಂಬರ್, ನಮ್ಮವರಿಗೆ ಒಗ್ಗುವ ಕಾಲ. ಜೂನಿನಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯನು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕು ಹೊಡೆಯುವುದರೊಳಗೆ ಕತ್ತಲೆ. ಅದೇ ಹೋಟೆಲಿನ ಬಾಡಿಗೆ ಕೊಟ್ಟು ಅರ್ಧ ಹಗಲನ್ನಷ್ಟೇ ಪಡೆದುಕೊಂಡಂತಾಗುತ್ತದೆ. ಆಗಸ್ಟಿನಲ್ಲಿ ಫ್ರಾನ್ಸು, ಇಟಲಿಗಳ ಜನರೇ ರಜೆಯ ಮೇಲೆ ಹೋಗುವುದರಿಂದ ಅನೇಕ ಸಣ್ಣ ಅಂಗಡಿಗಳೂ ಉಪಾಹಾರಗೃಹಗಳೂ ಬಾಗಿಲು ಹಾಕಿರುತ್ತವೆ. ಮುಂಗಾರಿನ ಕೆಲಸ ಮುಗಿದು ಸುಗ್ಗಿಗೆ ಇನ್ನೂ ದಿನಗಳಿರುವ ಸೆಪ್ಟೆಂಬರಿನ ಮೊದಲ ಪಕ್ಷವನ್ನು ಅಕ್ಕ ಗೊತ್ತುಮಾಡಿದಳು.

ವಾರಗಳ ಲೆಕ್ಕವನ್ನೂ ಮರೆಯಬಾರದು. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯಕ್ಕೂ ಫ್ಲಾರೆನ್ಸಿನ ಉಫೀತ್ಸಿಗೂ ಸೋಮವಾರ ರಜೆ. ವ್ಯಾಟಿಕನ್ನಿನ ಸಂಗ್ರಹಾಲಯಗಳು ತಿಂಗಳ ಕಡೆಯ ಭಾನುವಾರವೊಂದನ್ನು ಬಿಟ್ಟರೆ ಉಳಿದ ಭಾನುವಾರಗಳಲ್ಲಿ ತೆರೆಯುವುದಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಹೆಸರಾದ ಸ್ಥಳಗಳಿಗೆ ದಿನ, ಗಂಟೆ ಗೊತ್ತುಮಾಡಿ ಟಿಕೆಟನ್ನು ಮನೆಯಲ್ಲಿಯೇ ಮುಂಗಡವಾಗಿ ಕೊಳ್ಳತಕ್ಕದ್ದು. ಆದರೆ ದಿನಕ್ಕೆ ಒಂದೇ ಒಂದು. ಬೆಳಗಿಗೆ ಒಂದು ಕೆಲಸ, ಸಂಜೆಗೆ ಒಂದು ಕಟ್ಟೆ, ನಡುವೆ ವಿಶ್ರಾಂತಿ. ಇದು ಅಕ್ಕ ಹಾಕಿಕೊಟ್ಟ ನಿಯಮ.

ಹೊಳೆಯ ಗಡಿ, ಕಾಗದದ ಗಡಿ

ಕೊರ್ಲಹಳ್ಳಿಯ ಸೇತುವೆಯ ಮೇಲೆ ನಿಂತು ಭಾವನವರು ಒಂದು ಸ್ವಾರಸ್ಯವನ್ನು ಹೇಳಿದರು. ಒಂದು ಕಾಲಕ್ಕೆ ಈ ದಂಡೆ ಧಾರವಾಡ ಜಿಲ್ಲೆ, ಎಂದರೆ ಮುಂಬಯಿ ಪ್ರಾಂತ. ಆ ದಂಡೆ ಬಳ್ಳಾರಿ ಜಿಲ್ಲೆ, ಎಂದರೆ ಮದ್ರಾಸು ಪ್ರಾಂತ. ಹೊಳೆಯ ಗುಂಟ ಇನ್ನಷ್ಟು ಮುಂದೆ ಹೋದರೆ ಕೊಪ್ಪಳ, ಎಂದರೆ ನಿಜಾಮರ ಹೈದರಾಬಾದು. ಮೂರು ಆಳಿಕೆಗಳು ಈ ನೀರಿನ ಆಸುಪಾಸಿನಲ್ಲಿ ಕೂಡುತ್ತಿದ್ದವು. 1953ರಲ್ಲಿ ಬಳ್ಳಾರಿಯ ತಾಲ್ಲೂಕುಗಳೂ, 1956ರಲ್ಲಿ ಉಳಿದ ಭಾಗಗಳೂ ಮೈಸೂರು ರಾಜ್ಯಕ್ಕೆ ಸೇರಿ, ಗಡಿಗಳು ಅಳಿಸಿದವು. ಇಂದು ಗದಗ ಜಿಲ್ಲೆಯಿಂದ ವಿಜಯನಗರ ಜಿಲ್ಲೆಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುವವನಿಗೆ ಎಚ್ಚರವಾಗುವ ಕಾರಣವಿಲ್ಲ.

ಯೂರೋಪಿನಲ್ಲಿಯೂ ಆದದ್ದು ಹೀಗೆಯೇ, ಅದೂ ಹೊಳೆಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಲಕ್ಸೆಂಬರ್ಗ್, ಫ್ರಾನ್ಸು, ಜರ್ಮನಿ ಮೂರೂ ಕೂಡುವಲ್ಲಿ ಮೊಸೆಲ್ ನದಿಯ ಮೇಲೆ ಶೆಂಗೆನ್ ಎಂಬ ಹಳ್ಳಿಯಿದೆ. 1985ರ ಜೂನ್ 14ರಂದು ಆ ನದಿಯಲ್ಲಿ ಒಂದು ಹಡಗಿನ ಮೇಲೆ ಐದು ದೇಶಗಳು ತಮ್ಮೊಳಗಿನ ಗಡಿ ತಪಾಸಣೆಯನ್ನು ತೆಗೆಯಲು ಒಪ್ಪಿ ಸಹಿ ಹಾಕಿದವು. ಆ ಹಳ್ಳಿಯ ಹೆಸರೇ ಈಗ ನಾವು ಪಡೆಯುವ ವೀಸಾದ ಹೆಸರು. 2025ರ ಜನವರಿಯಿಂದ ಈ ಕೂಟದಲ್ಲಿ 29 ದೇಶಗಳಿವೆ. ಒಂದು ವೀಸಾ ಸಿಕ್ಕರೆ ಎಲ್ಲದಕ್ಕೂ ಸಾಕು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಇರಬಹುದು. ಆದರೆ ಬ್ರಿಟನ್ನೂ ಐರ್ಲೆಂಡೂ ಇದರ ಹೊರಗಿವೆ. ಲಂಡನ್ನಿಗೆ ಹೋಗುವವರು ಬೇರೆ ವೀಸಾ ಪಡೆಯಬೇಕು. ಇದನ್ನು ಅರಿಯದೆ ಹೊರಟ ಕಾಲಕ್ಕೆ ಪೇಚಾಡಿದವರನ್ನು ನಾನು ಬಲ್ಲೆ.

ಮೊದಲ ತೊಡಕು ಬಂದದ್ದು ಮನೆಯ ಪೆಟ್ಟಿಗೆಯೊಳಗಿನಿಂದ. ಅಕ್ಕನ ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಕಾಗುಣಿತ. ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳ ಪಾಡು ಇದಲ್ಲ! ಇವೆಲ್ಲ ಒಂದಾಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟು ಸೇವಾ ಕೇಂದ್ರಕ್ಕೆ ಹೋದರು. ಆದುದರಿಂದ ಪ್ರವಾಸದ ಮೊದಲ ಕೆಲಸ ಟಿಕೆಟು ಕೊಳ್ಳುವುದಲ್ಲ; ಮನೆಮಂದಿಯ ಕಾಗದಪತ್ರಗಳನ್ನೆಲ್ಲ ಒಂದು ಚಾಪೆಯ ಮೇಲೆ ಹರಡಿ ಹೆಸರುಗಳನ್ನು ಹೊಂದಿಸಿ ನೋಡುವುದು. ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರವೂ ತಪ್ಪದೆ, ವಿಮಾನದ ಟಿಕೆಟಿನಲ್ಲಿ ಹೆಸರು ಇರಬೇಕು. ಶೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟು ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು. ಆ ದೇಶಗಳನ್ನು ಬಿಟ್ಟು ಹೊರಡುವ ದಿನದ ಮೇಲೆ ಇನ್ನೂ ಮೂರು ತಿಂಗಳು ಅವಧಿ ಇರಬೇಕು. ಎರಡು ಖಾಲಿ ಹಾಳೆಗಳಿರಬೇಕು.

ವೀಸಾ ಅರ್ಜಿಯನ್ನು ಯಾವ ದೇಶದಲ್ಲಿ ಹೆಚ್ಚು ದಿನ ಇರುವೆವೋ ಆ ದೇಶಕ್ಕೆ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವು ವೇಳೆ ನಲವತ್ತೈದು ದಿನಗಳವರೆಗೂ ಆಗಬಹುದು. 2024ರ ಜೂನಿನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಆರು ತುಂಬದ ಕೂಸುಗಳಿಗೆ ಇಲ್ಲ. ವೀಸಾ ದೊರೆಯದಿದ್ದರೂ ಈ ಹಣ ಮರಳುವುದಿಲ್ಲ. 30,000 ಯೂರೊಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ನಿನ ವೀಸಾಕ್ಕಾದರೋ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಒಂದೇ ಪಾಸ್‌ಪೋರ್ಟು ಒಂದೇ ವೇಳೆಗೆ ಎರಡು ಕಡೆ ಇರಲಾರದಾದ್ದರಿಂದ, ಮೇ ತಿಂಗಳಲ್ಲಿ ಫ್ರಾನ್ಸಿನದನ್ನೂ, ಅದು ಕೈಗೆ ಬಂದ ಮೇಲೆ ಜೂನಿನಲ್ಲಿ ಬ್ರಿಟನ್ನಿನದನ್ನೂ ಹಾಕಿದೆವು. ಎರಡಕ್ಕೂ ಬೆರಳಚ್ಚು ಕೊಡಲು ಬೆಂಗಳೂರಿಗೆ ಬರಬೇಕು. ಎರಡು ವೀಸಾಗಳೂ ಬರುವವರೆಗೆ, ರದ್ದುಮಾಡಿದರೆ ಹಣ ಮರಳದಂಥ ಟಿಕೆಟನ್ನಾಗಲಿ ಕೋಣೆಯನ್ನಾಗಲಿ ಕೊಳ್ಳಲಿಲ್ಲ. ಪಿಂಚಣಿಯ ಕಾಗದ, ಆದಾಯ ತೆರಿಗೆಯ ಪತ್ರ, ಬ್ಯಾಂಕಿನ ಲೆಕ್ಕ, ದಿನದಿನದ ಪ್ರವಾಸದ ಪಟ್ಟಿ ಇವು ಒಂದಕ್ಕೊಂದು ಹೊಂದುವಂತಿದ್ದರೆ ಸಾಕು, ಅತಿಶಯೋಕ್ತಿ ಬೇಡ.

ಖರ್ಚಿನ ಐದು ಗಂಟುಗಳು

ಭಾವನವರು ಹಣದ ವಿಷಯದಲ್ಲಿ ಶಾಲೆಯ ಲೆಕ್ಕದಂತೆಯೇ ಕಟ್ಟುನಿಟ್ಟು. ಖರ್ಚನ್ನು ಐದು ಗಂಟುಗಳಾಗಿ ಕಟ್ಟಿದರು: ವಿಮಾನ, ವಸತಿ, ವೀಸಾ ಮತ್ತು ವಿಮೆ, ಊರೊಳಗಿನ ಓಡಾಟ ಮತ್ತು ಪ್ರವೇಶ ಶುಲ್ಕ, ಊಟ. ಇವೈದೂ ಸೇರಿ ಆದ ಮೊತ್ತದ ಹತ್ತರಲ್ಲೊಂದು ಪಾಲನ್ನು ಮುಟ್ಟಬಾರದ ಗಂಟೆಂದು ಬೇರೆ ಇಟ್ಟರು. ಇಷ್ಟೆಲ್ಲ ಕೂಡಿದರೂ ಆಸರೆಯ ಹಣದಲ್ಲಿ ಮುಕ್ಕಾಲು ಪಾಲು ಉಳಿಯುವುದನ್ನು ಕಂಡ ದಿನ ಅವರ ಮೊದಲನೆಯ ಆಕ್ಷೇಪಣೆ ಸಡಿಲವಾಯಿತು. ಹೆದರಿಕೆ ಇದ್ದದ್ದು ಹಣಕ್ಕಲ್ಲ, ಲೆಕ್ಕವಿಲ್ಲದ ಹಣಕ್ಕೆ.

ಉಳಿತಾಯಕ್ಕೆ ದಾರಿಗಳಿವೆ. ಊರಿನ ನಡುವೆ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಸಣ್ಣದೊಂದು ಅಡುಗೆಯ ಮೂಲೆಯಿರುವ ಕೋಣೆ ಹಿಡಿಯಬೇಕು. ಬಾಡಿಗೆ ತುಸು ಹೆಚ್ಚಾದರೂ ಓಡಾಟದ ಹಣ, ಊಟದ ಹಣ, ಎಲ್ಲಕ್ಕಿಂತ ಮಿಗಿಲಾಗಿ ಕಾಲು, ಉಳಿಯುತ್ತವೆ. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಖಾಯಂ ಸಂಗ್ರಹಕ್ಕೆ ಪ್ರವೇಶ ಉಚಿತ. ಎರಡೂ ಊರುಗಳಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ; ಬಾಟಲಿಗೆ ಹಣ ಕೊಡಬೇಕಾದದ್ದಿಲ್ಲ. ಲಂಡನ್ನಿನಲ್ಲಿ ಪೌಂಡು, ಪ್ಯಾರಿಸ್ಸಿನಲ್ಲಿ ಯೂರೊ, ಸ್ವಿಟ್ಸರ್ಲೆಂಡಿಗೆ ಹೋಗುವವರಿಗೆ ಫ್ರ್ಯಾಂಕು. ಬಹುತೇಕ ಖರ್ಚು ಕಾರ್ಡಿನಲ್ಲಿ ನಡೆಯುತ್ತದಾದರೂ ಸ್ವಲ್ಪ ಚಿಲ್ಲರೆ ಬೇಕು, ಏಕೆಂದರೆ ಹಲವೆಡೆ ಶೌಚಾಲಯಕ್ಕೂ ಹಣ ಕೊಡಬೇಕು. ವಿದ್ಯುತ್ ತೂತುಗಳೂ ಬೇರೆ ಬೇರೆ: ಬ್ರಿಟನ್ನಿನಲ್ಲಿ ಮೂರು ಚಪ್ಪಟೆ ಕಡ್ಡಿ, ಫ್ರಾನ್ಸಿನಲ್ಲಿ ಎರಡು ಗುಂಡು ಕಡ್ಡಿ.

ಬುತ್ತಿ ಮತ್ತು ಗುಳಿಗೆ

ಈ ಕಡೆಯ ಜನ ಬುತ್ತಿಯಿಲ್ಲದೆ ಹೊರಡುವವರಲ್ಲ. ಅಕ್ಕ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ ಕಟ್ಟಿಕೊಂಡಳು, ಇವಕ್ಕೆ ಅಡ್ಡಿಯಿಲ್ಲ. ಆದರೆ ನೆಂಟರೊಬ್ಬರು ಲಂಡನ್ನಿನ ಮಗನಿಗೆಂದು ಒಂದು ಕಿಲೋ ಧಾರವಾಡ ಪೇಡೆ ತಂದುಕೊಟ್ಟರು. ಹಾಲಿನ ಪದಾರ್ಥಗಳನ್ನೂ ಮಾಂಸದ ಪದಾರ್ಥಗಳನ್ನೂ ನಮ್ಮ ದೇಶದಿಂದ ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಪೇಡೆ, ಕುಂದಾ, ತುಪ್ಪ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ. ಫ್ರಾನ್ಸಿಗೆ ಒಯ್ಯುವ ಮಾವಿನ ಹಣ್ಣಿಗೂ ಪ್ರಮಾಣಪತ್ರ ಬೇಕು. ಪೇಡೆ ಬೆಂಗಳೂರಿನ ನಮ್ಮ ಮನೆಯಲ್ಲಿ ಉಳಿಯಿತು. ಮಕ್ಕಳು ಅದಕ್ಕೆ ನ್ಯಾಯ ಸಲ್ಲಿಸಿದರು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಬೇಕು. ಸಸ್ಯಾಹಾರಿಗಳು ತರಕಾರಿಯ ಸಾರು ಎಂಬ ಹೆಸರನ್ನು ನಂಬದೆ, ಅದನ್ನು ಮಾಂಸದ ರಸದಲ್ಲಿ ಬೇಯಿಸಿದೆಯೋ ಎಂದು ಕೇಳಬೇಕು. ಪ್ಯಾರಿಸ್ಸಿನ ಉತ್ತರದ ರೈಲು ನಿಲ್ದಾಣದ ಸಮೀಪದ ಲಾ ಶಪೆಲ್ ಎಂಬಲ್ಲಿ ತಮಿಳರ ಉಪಾಹಾರಗೃಹಗಳಿವೆ. ಇಡ್ಲಿ, ದೋಸೆ ಸಿಗುತ್ತವೆ.

ಗುಳಿಗೆಗಳನ್ನು ಇಡೀ ಪ್ರವಾಸಕ್ಕೆ ಸಾಲುವಷ್ಟು, ಮೇಲೆ ಒಂದು ವಾರಕ್ಕೆ ಹೆಚ್ಚಾಗಿ, ಮೂಲ ಕವಚದಲ್ಲಿಯೇ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿ ಇಡತಕ್ಕದ್ದು. ಪೆಟ್ಟಿಗೆ ತಪ್ಪಿಹೋದರೂ ಗುಳಿಗೆ ತಪ್ಪಬಾರದು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ, ಪ್ಯಾರಿಸ್ಸಿನದು ಮೂರೂವರೆ ಗಂಟೆ ಹಿಂದೆ. ಸಕ್ಕರೆ ರೋಗದವರು ಗುಳಿಗೆಯ ಹೊತ್ತನ್ನು ಹೇಗೆ ಬದಲಿಸಬೇಕೆಂದು ಹೊರಡುವ ಮುಂಚೆ ವೈದ್ಯರನ್ನು ಕೇಳಬೇಕು. ಇಡೀ ಯೂರೋಪಿಗೆ ಆಪತ್ತಿನ ದೂರವಾಣಿ ಸಂಖ್ಯೆ 112. ಬ್ರಿಟನ್ನಿನಲ್ಲಿ 999ರ ಜೊತೆಗೆ ಅದೂ ನಡೆಯುತ್ತದೆ. ಪಾಸ್‌ಪೋರ್ಟಿನ ನಕಲು, ವಿಮೆಯ ಸಂಖ್ಯೆ, ತಂಗುವ ಮನೆಯ ವಿಳಾಸ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರ ಕಿಸೆಯಲ್ಲಿಯೂ ಇಟ್ಟೆವು. ಭಾವನವರ ಎರಡನೆಯ ಆಕ್ಷೇಪಣೆಗೆ ಈ ಚೀಟಿಯೇ ಉತ್ತರವಾಯಿತು.

ಮರಳಿ ಹೊಳೆಯ ದಂಡೆಗೆ

ಅವರು ಹೋಗಿ ಬಂದರು. ಅವರ ಪಾಸ್‌ಪೋರ್ಟುಗಳಲ್ಲಿ ಶೆಂಗೆನ್ ಮುದ್ರೆ ಬಿದ್ದಿದೆ. ಅದನ್ನು ಭಾವನವರು ಎಲ್ಲರಿಗೂ ತೋರಿಸುತ್ತಾರೆ. ಅವರು ಮರಳಿದ ಮೇಲೆ, 2025ರ ಅಕ್ಟೋಬರ್ 12ರಿಂದ, ಆ ದೇಶಗಳ ಗಡಿಯಲ್ಲಿ ಮುದ್ರೆಗೆ ಬದಲು ಮುಖದ ಚಿತ್ರವನ್ನೂ ಬೆರಳಚ್ಚನ್ನೂ ಯಂತ್ರದಲ್ಲಿ ದಾಖಲಿಸುವ ಪದ್ಧತಿ ಬಂದಿತು. ಇನ್ನು ಮೇಲೆ ಹೋಗುವವರು ಮೊದಲ ಪ್ರವೇಶದಲ್ಲಿ ಅದಕ್ಕೆಂದು ಸ್ವಲ್ಪ ಹೆಚ್ಚು ವೇಳೆ ಇಟ್ಟುಕೊಳ್ಳುವುದು ಲೇಸು.

ಎಲ್ಲವೂ ಅಂದುಕೊಂಡಂತೆ ನಡೆಯಿತೆಂದಲ್ಲ. ಪ್ಯಾರಿಸ್ಸಿನಲ್ಲಿ ಒಂದು ಇಡೀ ದಿನ ಮಳೆ ಸುರಿದು, ವರ್ಸೇಲ್ಸ್ ಅರಮನೆಯನ್ನು ನೋಡುವ ಮಾತು ತಪ್ಪಿತು. ಅವರು ಕೋಣೆಯಲ್ಲಿಯೇ ಅವಲಕ್ಕಿ ಹಚ್ಚಿಕೊಂಡು, ಕಿಟಕಿಯಿಂದ ಬೀದಿ ನೋಡುತ್ತ ಕುಳಿತರಂತೆ. ಅಂಥ ಒಂದು ದಿನ ನಮ್ಮ ಹತ್ತು ದಿನಗಳ ಓಟದಲ್ಲಿ ಬಂದಿದ್ದರೆ ಒಂದು ದೇಶವೇ ಕೈಬಿಟ್ಟು ಹೋಗುತ್ತಿತ್ತು.

ನವೆಂಬರಿನಲ್ಲಿ ನಾನು ಮತ್ತೆ ಹೋದಾಗ ಮೂವರೂ ಸೇತುವೆಯವರೆಗೆ ನಡೆದೆವು. ಮಳೆಗಾಲದ ಕೆಂಪು ಇಳಿದು ಹೊಳೆ ತಿಳಿಯಾಗಿತ್ತು. ಈ ಸಲ ಪ್ರಶ್ನೆ ಕೇಳುವ ಸರದಿ ನನ್ನದು: “ಏನು ನೋಡಿದಿರಿ?”

ಅಕ್ಕ ಬಸವಣ್ಣನವರ ಪ್ರತಿಮೆಯ ಮಗ್ಗುಲಿಗೆ ಥೇಮ್ಸಿನ ದಂಡೆಯ ಮೇಲೆ ಕಳೆದ ಸಂಜೆಯನ್ನು ಹೇಳಿದಳು. ಕಡಲಿನ ಭರತಕ್ಕೆ ನದಿಯ ನೀರು ಹಿಂದಕ್ಕೆ ಏರಿ ಬರುವುದನ್ನು ಆಕೆ ಅಲ್ಲಿಯವರೆಗೆ ಕಂಡಿರಲಿಲ್ಲ. ಹೊಳೆ ಮೇಲ್ಮುಖವಾಗಿ ಹರಿಯುವುದನ್ನು ನೋಡಿ ಗಂಡನ ಕೈ ಹಿಡಿದು ಎಬ್ಬಿಸಿ ತೋರಿಸಿದಳಂತೆ. ಭಾವನವರು ಅದನ್ನು ಎಷ್ಟು ಸಲ ಪಾಠದಲ್ಲಿ ಹೇಳಿದ್ದರೋ! ಒಂದು ಗಂಟೆ ಇಬ್ಬರೂ ನೀರನ್ನೇ ನೋಡುತ್ತ ಕುಳಿತರು.

ಭಾವನವರು ಅಮರಾವತಿಯ ಶಿಲ್ಪಗಳ ಮಾತೆತ್ತಿದರು. ಕೊರ್ಲಹಳ್ಳಿಯನ್ನು ದಾಟಿದ ತುಂಗಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ಆ ಕೃಷ್ಣೆ ಶ್ರೀಶೈಲವನ್ನು ಬಳಸಿ, ಸಮುದ್ರ ಸೇರುವ ಮುನ್ನ ಅಮರಾವತಿಯನ್ನು ತೊಳೆದು ಮುಂದಕ್ಕೆ ಹೋಗುತ್ತಾಳೆ. ಅಲ್ಲಿಯ ಸ್ತೂಪದ ಬಿಳಿಯ ಸುಣ್ಣಕಲ್ಲಿನ ಚಪ್ಪಡಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು. ಅವುಗಳ ಮುಂದೆ ಅವರು ಒಂದು ಮಧ್ಯಾಹ್ನವೆಲ್ಲ ನಿಂತರಂತೆ. ಕಾವಲುಗಾರನೊಬ್ಬನು ಕುರ್ಚಿ ತೋರಿಸಿ ಕೂಡಿರೆಂದನಂತೆ.

“ನಮ್ಮ ಊರ ಮುಂದ ಹಾದ ನೀರು ಮುಂದ ಯಾವ ಊರಿಗೆ ಹೊಕ್ಕೈತಿ ಅಂತ ಹುಡುಗರಿಗೆ ಮೂವತ್ತು ವರ್ಷ ಹೇಳಿದೆ. ಆ ಊರಿನ ಕಲ್ಲು ನೋಡಾಕ ಅಷ್ಟು ದೂರ ಹೋಗಬೇಕಾತು,” ಎಂದರು. ಅವರ ಮೂರನೆಯ ಆಕ್ಷೇಪಣೆಯ ಮಾತನ್ನು ನಾನು ನೆನಪಿಸಲಿಲ್ಲ.

ಅಷ್ಟರಲ್ಲಿ ಹಡಗಲಿಯ ಬಸ್ಸು ಸೇತುವೆಯ ಮೇಲೆ ಬಂದಿತು. ನಾವು ಅಂಚಿಗೆ ಸರಿದು ನಿಂತೆವು. ಬಸ್ಸು ಹೋದ ಮೇಲೆ ಭಾವನವರು ಕಿಸೆಯಿಂದ ಖರ್ಚಿನ ಪುಸ್ತಕವನ್ನು ತೆಗೆದು ನನ್ನ ಕೈಗಿತ್ತರು. ಐದು ಗಂಟುಗಳ ಲೆಕ್ಕ ಪೈಸೆಯೂ ತಪ್ಪದಂತೆ ಬರೆದಿತ್ತು. ಮುಟ್ಟಬಾರದ ಗಂಟು ಮುಟ್ಟದೆ ಉಳಿದಿತ್ತು. ಅದರ ಕೆಳಗೆ, ಬೇರೊಂದು ಮಸಿಯಲ್ಲಿ, ಒಂದೇ ಸಾಲು: “ರೈನ್ ನದಿ: ವಿಚಾರಿಸುವುದು.”